ಬಯಲ್ನಾಡಿನ ಗದ್ದೆಗಳು ಮತ್ತು ಅವನ್ನು ಕಟ್ಟಿದ ಕೈಗಳು

ವಯನಾಡು ಎಂಬ ಹೆಸರಿನ ಮೂಲವನ್ನು ‘ವಯಲ್’ ಎಂಬ ಶಬ್ದದಲ್ಲಿ ಕಾಣುವವರೇ ಹೆಚ್ಚು. ಮಲಯಾಳದಲ್ಲಿ ವಯಲ್ ಎಂದರೆ ಭತ್ತದ ಗದ್ದೆ. ಕನ್ನಡದ ‘ಬಯಲು’ ಇದರ ಒಡಹುಟ್ಟು. ಹೊಯ್ಸಳರ ಕಾಲದ ಕನ್ನಡ ಶಾಸನಗಳು ಈ ಸೀಮೆಯನ್ನು ‘ಬಯಲ್ನಾಡು’ ಎಂದೇ ಕರೆದಿವೆ. ವಿಷ್ಣುವರ್ಧನನು ಗೆದ್ದುಕೊಂಡ ನಾಡುಗಳ ಸಾಲಿನಲ್ಲಿ ಈ ಹೆಸರೂ ಬರುತ್ತದೆ. ಹೀಗೆ ಎರಡು ಭಾಷೆಗಳೂ ಗದ್ದೆಯಿಂದಲೇ ಗುರುತಿಸಿದ ಈ ನಾಡಿನಲ್ಲಿ ಗದ್ದೆಗಳು ಮಾತ್ರ ತಾವಾಗಿ ಹುಟ್ಟಿದವಲ್ಲ. ಕಾಲು ಹೂತುಹೋಗುವ ಜೌಗು ನೆಲವನ್ನು, ಮುಳ್ಳುಪೊದೆ ಬೆಳೆದ ಹಳ್ಳದಂಚುಗಳನ್ನು ತಲೆಮಾರುಗಳ ದುಡಿಮೆಯಿಂದ ಅನ್ನದ ನೆಲವನ್ನಾಗಿ ಮಾಡಿದ ಚರಿತ್ರೆ ಇಲ್ಲಿಯದು.

ವಯನಾಡು ಗುಡ್ಡಗಳ ನಾಡು. ಎರಡು ಗುಡ್ಡಗಳ ನಡುವೆ ಹಾವಿನಂತೆ ಬಳುಕುವ ತಗ್ಗುನೆಲವೇ ವಯಲ್. ಮುಂಗಾರಿನ ನೀರು ಸುತ್ತಲಿನ ಇಳಿಜಾರುಗಳಿಂದ ಬಸಿದು ಇಲ್ಲಿಗೇ ಬಂದು ನಿಲ್ಲುತ್ತದೆ. ಮಳೆ ನಿಂತ ಮೇಲೂ ಗುಡ್ಡದ ಬುಡದ ಒಸರು ನಿಲ್ಲದು. ಕೃಷಿಗೆ ಮುನ್ನ ಇಂಥ ಕಡೆ ಆಪು, ಜೊಂಡು, ಮುಂಡುಗ ಬೆಳೆದು, ತಳದಲ್ಲಿ ಕೊಳೆತ ಎಲೆಯ ಕಪ್ಪು ಕೆಸರು ಸೇರಿರುತ್ತಿತ್ತು. ಹಗಲು ಜಿಗಣೆ, ರಾತ್ರಿ ಸೊಳ್ಳೆ. ಆನೆ, ಹಂದಿಗಳ ಓಡಾಟ ಬೇರೆ. ವಯನಾಡಿನ ಮಲೇರಿಯಾ ಜ್ವರಕ್ಕೆ ಹೆದರಿ ಹೊರಗಿನವರು ಬಹುಕಾಲ ಇಲ್ಲಿ ನೆಲೆಸಲು ಹಿಂಜರಿದರು.

ಈ ನೆಲವನ್ನು ಹದಕ್ಕೆ ತಂದ ಕ್ರಮದಲ್ಲಿ ದೊಡ್ಡ ವಿವೇಕವಿತ್ತು. ಜೌಗಿನ ನೀರನ್ನು ಪೂರ್ತಿ ಹೊರದೂಡುವುದು ಇಲ್ಲಿಯವರ ಉದ್ದೇಶವಾಗಿರಲಿಲ್ಲ. ಗುಡ್ಡದ ಬುಡದಲ್ಲಿ ಅಂಚುಗಾಲುವೆ ತೋಡಿ ಒಸರನ್ನು ಹಿಡಿದರು. ತಗ್ಗಿನ ನಡುವೆ ಹರಿವ ತೋಡಿಗೆ ದಾರಿ ಮಾಡಿಕೊಟ್ಟರು. ಜೊಂಡು ಕಡಿದು, ಬೇರು ಕಿತ್ತು, ಅದೇ ಕೆಸರನ್ನು ಮೆತ್ತಿ ಬದು ಕಟ್ಟಿದರು. ಎತ್ತು, ಎಮ್ಮೆಗಳನ್ನು ಹೂಡಿ ತುಳಿಸಿ, ಹಲಗೆ ಹೊಡೆದು ಮಟ್ಟ ಮಾಡಿದರು. ಮೇಲಿನ ಗದ್ದೆಯ ನೀರು ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿಯಬೇಕು. ಎಲ್ಲಿಯೂ ಬೇಕಾದಕ್ಕಿಂತ ಹೆಚ್ಚು ನಿಲ್ಲಬಾರದು, ಎಲ್ಲಿಯೂ ಒಣಗಬಾರದು. ಒಂದು ವರ್ಷ ಬದು ನೋಡದೆ ಬಿಟ್ಟರೆ ಜೌಗು ಮರಳಿ ಬರುತ್ತಿತ್ತು. ಆದುದರಿಂದ ಗದ್ದೆ ಕಟ್ಟುವುದು ಒಮ್ಮೆಗೆ ಮುಗಿಯುವ ಕೆಲಸವಲ್ಲ, ಪ್ರತಿ ವರ್ಷದ ವ್ರತವಾಗಿತ್ತು.

ಹೀಗೆ ಸಿದ್ಧವಾದ ಗದ್ದೆಯಲ್ಲಿ ಮಳೆಗಾಲದ ‘ನಂಜ’ ಮುಖ್ಯ ಬೆಳೆಯಾಯಿತು. ನೀರಿರುವ ಕಡೆ ಬೇಸಿಗೆಯ ‘ಪುಂಜ’ವೂ ಬಂತು. ಗಂಧಕಸಾಲೆ, ಜೀರಕಸಾಲೆ ಎಂಬ ಪರಿಮಳದ ಸಣ್ಣಕ್ಕಿಗಳು ಈ ಕೆಸರಿನ ಕೊಡುಗೆ. ತೆನೆ ಹಾಲು ತುಂಬಿದಾಗ ಮರದ ಮೇಲೆ ಕಟ್ಟಿದ ಏರುಮಾಡದಲ್ಲಿ ಕುಳಿತು, ಬೆಂಕಿ ಹಾಕಿ, ಕೂಗು ಹಾಕಿ ರಾತ್ರಿಯಿಡೀ ಕಾಡುಪ್ರಾಣಿಗಳನ್ನು ಕಾಯಬೇಕಿತ್ತು. ಪುತ್ತರಿಯ ದಿನ ಮೊದಲ ತೆನೆ ದೇವರಿಗೆ, ಆಮೇಲೆ ಮನೆಗೆ. ದೇವಸ್ಥಾನದ ನೈವೇದ್ಯಕ್ಕೂ ಉತ್ಸವದ ಅನ್ನದಾನಕ್ಕೂ ಈ ಗದ್ದೆಗಳೇ ಆಧಾರ.

ಗದ್ದೆಗಳ ಒಡೆತನ ಮತ್ತು ದುಡಿಮೆ ಹಂಚಿಹೋದ ರೀತಿಯನ್ನು ಗಮನಿಸಬೇಕು. ಕುರಿಚಿಯರೂ ಮುಳ್ಳುಕುರುಮರೂ ತಮ್ಮ ಗದ್ದೆಗಳನ್ನು ತಾವೇ ಉತ್ತು ಬೆಳೆದ ಮೂಲನಿವಾಸಿ ಕೃಷಿಕರು. ವಯನಾಡನ್ ಚೆಟ್ಟಿಗಳು ಪ್ರಸಿದ್ಧ ಭತ್ತದ ಬೇಸಾಯಗಾರರು. ಕರ್ನಾಟಕದಿಂದ ಬಂದ ಜೈನ ಗೌಡ ಮನೆತನಗಳೂ ಇಲ್ಲಿ ನೆಲೆ ನಿಂತು ಕೃಷಿ ಮಾಡಿದವು. ಸುಲ್ತಾನ್ ಬತ್ತೇರಿಯ ಬಸದಿ, ಕಲ್ಪೆಟ್ಟ ಸಮೀಪದ ಪುಳಿಯಾರ್‌ಮಲೆಯ ಅನಂತನಾಥಸ್ವಾಮಿ ಬಸದಿ, ಬತ್ತೇರಿಗೆ ಇದ್ದ ‘ಹನ್ನೆರಡು ಬೀದಿ’ ಎಂಬ ಹಳೆಯ ಹೆಸರು ಈ ಸಂಬಂಧದ ಸಾಕ್ಷಿಗಳು. ಆದರೆ ದೊಡ್ಡ ಹಿಡುವಳಿಗಳ ಕೆಸರಿಗೆ ಇಳಿದವರು ಹೆಚ್ಚಾಗಿ ಪಣಿಯರು ಮತ್ತು ಅಡಿಯರು. ರಾವುಳರೆಂದೂ ಕರೆಯಲ್ಪಡುವ ಅಡಿಯರ ನುಡಿ ಕನ್ನಡಕ್ಕೂ ಕೊಡವ ಭಾಷೆಗೂ ಹತ್ತಿರದ್ದು. ಕಂಬಳನಾಟಿಯ ದಿನ ಪಣಿಯ ಗಂಡಸರು ತುಡಿ ಬಾರಿಸಿ ಕುಳಲೂದಿದರೆ, ಹೆಂಗಸರು ಆ ತಾಳಕ್ಕೆ ಬಾಗಿ ವಿಶಾಲವಾದ ಗದ್ದೆಯನ್ನು ನೆಟ್ಟು ಮುಗಿಸುತ್ತಿದ್ದರು. ನೋಡಲು ಅದು ಹಬ್ಬ. ಆದರೆ ನೆಟ್ಟ ಪೈರಿನಲ್ಲಿ ಅವರಿಗೆ ಪಾಲಿರಲಿಲ್ಲ.

ಅವರ ದುಡಿಮೆಯ ಕರಾರು ನಡೆಯುತ್ತಿದ್ದುದು ದೇವಸ್ಥಾನದ ಉತ್ಸವದಲ್ಲಿಯೇ ಎಂಬುದು ಭಕ್ತರು ಮರೆಯಬಾರದ ಸಂಗತಿ. ಮಾನಂತವಾಡಿ ಸಮೀಪದ ವಳ್ಳಿಯೂರ್‌ಕಾವು ಭಗವತಿಯ ಉತ್ಸವ ಮೀನ ಮಾಸದಲ್ಲಿ 14 ದಿನ ನಡೆಯುತ್ತದೆ. ಜಮೀನ್ದಾರರು ಅಲ್ಲಿಗೆ ಬಂದು ‘ನಿಪ್ಪುಪಣ’ ಎಂಬ ಸಣ್ಣ ಮುಂಗಡ ಕೊಟ್ಟು ಒಂದು ವರ್ಷದ ಮಟ್ಟಿಗೆ ಆಳುಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದರು. ಹಣ ಪಡೆದವನು ವರ್ಷ ಪೂರ್ತಿ ಅದೇ ಧಣಿಯ ಗದ್ದೆಯಲ್ಲಿ ನಿಲ್ಲಬೇಕು. ಕೂಲಿ ‘ವಳ್ಳಿ’, ಅಂದರೆ ಅಳೆದು ಕೊಡುವ ಭತ್ತ. ದೇವಿಯ ಎದುರು ಆದ ಮಾತನ್ನು ಮುರಿದರೆ ಕೇಡು ಎಂಬ ಭಯವೇ ಅವರಿಗೆ ಸಂಕೋಲೆಯಾಯಿತು. 1970ರ ದಶಕದ ವರೆಗೂ ಈ ಪದ್ಧತಿಯ ಕುರುಹು ಉಳಿದಿತ್ತು. 1976ರ ಜೀತಪದ್ಧತಿ ರದ್ದತಿ ಕಾನೂನು ಇದನ್ನು ಅಪರಾಧವೆಂದು ಸಾರಿತು. ತಾಯಿಯ ಸನ್ನಿಧಿ ಮಾತ್ರ ಆ ಮಕ್ಕಳನ್ನು ಎಂದೂ ದೂರ ಮಾಡಲಿಲ್ಲ. ಇಂದಿಗೂ ವಳ್ಳಿಯೂರ್‌ಕಾವಿನ ಉತ್ಸವಕ್ಕೆ ಆದಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ.

ಗದ್ದೆಯ ಮೇಲಿನ ಭಾರ ಆಳ್ವಿಕೆಯ ಕಡೆಯಿಂದಲೂ ಬಂತು. 1805ರ ನವೆಂಬರ್ 30ರಂದು ಪಳಶಿ ರಾಜ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಹಿಡಿತ ಬಿಗಿಯಾಯಿತು. ಕಂದಾಯವನ್ನು ಧಾನ್ಯಕ್ಕೆ ಬದಲು ನಾಣ್ಯದಲ್ಲೇ ಕೊಡಬೇಕೆಂಬ ಒತ್ತಾಯ ಬಂದಾಗ ಭತ್ತವನ್ನಷ್ಟೇ ಬೆಳೆಯುತ್ತಿದ್ದ ಕುರಿಚಿಯರೂ ಕುರುಮರೂ 1812ರಲ್ಲಿ ಬಂಡೆದ್ದರು. ಬಂಡಾಯ ಅಡಗಿತು, ಬೇಸಾಯ ಉಳಿಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತೀವ್ರವಾದಾಗ ಮದ್ರಾಸ್ ಸರ್ಕಾರವು 1943ರಲ್ಲಿ ವಯನಾಡು ವಸಾಹತು ಯೋಜನೆಯನ್ನು ಕೈಗೊಂಡಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಅಂಬಲವಯಲ್ ಸುತ್ತಮುತ್ತ ನೆಲ ಹಂಚಲಾಯಿತು. ಅವರ ನೆರವಿಗಾಗಿ ಆರಂಭವಾದ ಅಂಬಲವಯಲಿನ ಕೃಷಿ ಕೇಂದ್ರ ಇಂದು ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ. ಅದೇ ದಶಕದಲ್ಲಿ ತಿರುವಾಂಕೂರಿನಿಂದ ರೈತ ಕುಟುಂಬಗಳು ಗುಂಪುಗುಂಪಾಗಿ ಬಂದವು. ಬಂದವರೂ ಜ್ವರದಲ್ಲಿ ನರಳಿ, ಕಾಡುಪ್ರಾಣಿಗಳೊಡನೆ ಸೆಣಸಿ ದುಡಿದರು. ಡಿ.ಡಿ.ಟಿ. ಸಿಂಪಡಣೆಯಿಂದ ಮಲೇರಿಯಾ ಹಿಮ್ಮೆಟ್ಟಿದ ಮೇಲೆ ವಲಸೆ ಮತ್ತಷ್ಟು ಹೆಚ್ಚಿತು.

ಬದಲಾವಣೆಯ ಫಲ ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರನು ಒಡೆಯನಾದನು. ಆದರೆ ಪಣಿಯನೂ ಅಡಿಯನೂ ಗೇಣಿದಾರರಲ್ಲ, ಆಳುಗಳು. ಅವರ ಪಾಲಿಗೆ ಗುಡಿಸಲಿನ ಜಾಗ ದಕ್ಕಿದ್ದೇ ಹೆಚ್ಚು. ಬದು ಕಟ್ಟಿದ ಕೈಗಳ ಹೆಸರು ಪಹಣಿಯಲ್ಲಿ ಬರಲೇ ಇಲ್ಲ. 2003ರ ಫೆಬ್ರವರಿಯಲ್ಲಿ ಮುತ್ತಂಗದ ಕಾಡಿನಲ್ಲಿ ಭೂಮಿಗಾಗಿ ನಡೆದ ಆದಿವಾಸಿ ಹೋರಾಟ ಸಾವುನೋವಿನಲ್ಲಿ ಕೊನೆಗೊಂಡದ್ದು ಆ ಹಳೆಯ ಬಾಕಿಯ ಮುಂದುವರಿಕೆಯೇ.

ಇಂದು ಗದ್ದೆಗಳೇ ಕಡಿಮೆಯಾಗುತ್ತಿವೆ. ಭತ್ತದ ಖರ್ಚು ಹುಟ್ಟದೆ ರೈತರು ನೇಂದ್ರ ಬಾಳೆಗೆ, ಅಡಕೆಗೆ ತಿರುಗಿದ್ದಾರೆ. ಬಾಳೆಗೆ ಬುಡದಲ್ಲಿ ನೀರು ನಿಲ್ಲಬಾರದು. ಹಾಗಾಗಿ ಆಳವಾದ ಚರಂಡಿ ತೆಗೆದು ನೀರನ್ನು ಹೊರಬಿಡುತ್ತಾರೆ. ಹಿಂದಿನವರು ಹಿಡಿದಿಟ್ಟ ನೀರು ಹೀಗೆ ಬೇಗ ಹರಿದುಹೋಗಿ ನೆರೆಯ ಬಾವಿಗಳ ಒರತೆ ಇಳಿಯುತ್ತದೆ. ಇದು ವಯನಾಡಿಗಷ್ಟೇ ಸೇರಿದ ಚಿಂತೆಯಲ್ಲ. ಪನಮರಂ ಹೊಳೆ, ಮಾನಂತವಾಡಿ ಹೊಳೆಗಳು ಕೂಡಿ ಕಬಿನಿಯಾಗಿ, ಪೂರ್ವಕ್ಕೆ ಹರಿದು, ಹೆಗ್ಗಡದೇವನಕೋಟೆ ಸೀಮೆಯ ಜಲಾಶಯವನ್ನು ತುಂಬಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತವೆ. ಇಲ್ಲಿಯ ಗದ್ದೆ ನೀರು ಹಿಡಿದರೆ ಅಲ್ಲಿಯ ಹೊಳೆಗೂ ತಂಪು.

ಆಶಾದಾಯಕ ಸಂಗತಿಗಳೂ ಇವೆ. ಭತ್ತದ ಗದ್ದೆ ಮತ್ತು ಜೌಗು ನೆಲಗಳ ಸಂರಕ್ಷಣೆಗಾಗಿ ಕೇರಳವು 2008ರಲ್ಲಿ ಕಾನೂನು ಮಾಡಿತು. ಗಂಧಕಸಾಲೆ, ಜೀರಕಸಾಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 50ಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದ ಕುರಿಚಿಯ ಕೃಷಿಕ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಗದ್ದೆ ಕಟ್ಟಿದ ಮೂಲಜನರ ಅರಿವಿಗೆ ದೇಶ ಸಲ್ಲಿಸಿದ ಗೌರವವಿದು.

ಉತ್ಸವದ ಪಂಕ್ತಿಯಲ್ಲಿ ಎಲೆಯ ಮೇಲೆ ಬೀಳುವ ಅನ್ನ ದೇವರ ಪ್ರಸಾದ. ಅದು ಕೆಸರಿನಲ್ಲಿ ನಿಂತು ಬಾಗಿದ ಬೆನ್ನುಗಳ ಪ್ರಸಾದವೂ ಹೌದು. ಉಳಿದಿರುವ ಗದ್ದೆಯ ಬದುವನ್ನು ಕಾಯುವುದು, ಅದನ್ನು ಕಟ್ಟಿದವರ ಮಕ್ಕಳಿಗೆ ಮಣ್ಣಿನಲ್ಲೂ ಮಾನದಲ್ಲೂ ಪಾಲು ಕೊಡುವುದು, ಇವೆರಡೂ ಅನ್ನಪೂರ್ಣೆಗೆ ಸಲ್ಲುವ ನಿಜವಾದ ಸೇವೆ.