ಸಿಂಪ್ಯೂಟರ್: ಒಳಗುಟ್ಟು ಬಿಚ್ಚಿಟ್ಟ ಬೆಂಗಳೂರಿನ ಕಂಪ್ಯೂಟರ್

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಗೊತ್ತಲ್ವಾ? ಅಲ್ಲಿನ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ನಾನೊಂದು ಸಿಎನ್‌ಸಿ ಲೇತ್ ನೋಡಿದ್ದೆ. ಕಬ್ಬಿಣವೆಲ್ಲ ಗಟ್ಟಿಮುಟ್ಟು, ಕೆಟ್ಟಿದ್ದು ಕಂಟ್ರೋಲರ್ ಬೋರ್ಡ್ ಮಾತ್ರ. ಸರ್ಕ್ಯೂಟ್ ಡಯಾಗ್ರಾಂ ಕೇಳಿದರೆ ತಯಾರಕರು ಕೊಡಲ್ಲ ಅಂದರು. ಮೆಷಿನ್ ಮೂಲೆ ಸೇರಿತು. ದುಡ್ಡು ಕೊಟ್ಟು ಕೊಂಡ ಯಂತ್ರದ ಒಳಗೇನಿದೆ ಅಂತ ತಿಳಿಯೋ ಹಕ್ಕು ನಮಗಿಲ್ವಾ?

ಈ ಪ್ರಶ್ನೆಗೆ ಬೆಂಗಳೂರು ಒಮ್ಮೆ ಉತ್ತರ ಕೊಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರ್‌ಗಳು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಗುರಿ, ಹಳ್ಳಿಯವರೂ ಬಳಸಬಹುದಾದ, ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರ್. 2001ರಲ್ಲಿ ಮಾದರಿ ಬಂತು. ಒಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಲಿನಕ್ಸ್, ಟಚ್‌ಸ್ಕ್ರೀನ್, ಸ್ಮಾರ್ಟ್ ಕಾರ್ಡ್ ಸ್ಲಾಟ್. ಐಫೋನ್ ಬರೋಕೆ ಇನ್ನೂ ಆರು ವರ್ಷ ಇತ್ತು!

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಅದರ ಲೈಸೆನ್ಸ್. ಹಾರ್ಡ್‌ವೇರ್ ವಿನ್ಯಾಸವನ್ನೇ ಟ್ರಸ್ಟ್ ಬಹಿರಂಗ ಮಾಡಿತು. ಯಾರು ಬೇಕಾದರೂ ಅದನ್ನು ಓದಿ ಸುಧಾರಿಸಬಹುದು. ಸುಧಾರಿಸಿದ್ದನ್ನು ಮಾರೋಕೆ ಶುರು ಮಾಡಿದ ಮೇಲೆ ಒಂದು ವರ್ಷ ಗುಟ್ಟಾಗಿ ಇಟ್ಟುಕೊಳ್ಳಬಹುದು. ಆಮೇಲೆ ಎಲ್ಲರಿಗೂ ಹಂಚಬೇಕು. ಲಾಭಕ್ಕೂ ಜಾಗ, ಜ್ಞಾನಕ್ಕೂ ಜಾಗ.

"ತೆರೆದಿಟ್ಟರೆ ನಕಲು ಮಾಡ್ತಾರೆ" ಅನ್ನೋ ಭಯ ಸುಳ್ಳಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯ ಸರ್ಕ್ಯೂಟ್ ಮತ್ತು ಬಯೋಸ್ ಕೋಡನ್ನು ಕೈಪಿಡಿಯಲ್ಲೇ ಅಚ್ಚು ಹಾಕಿಸಿತ್ತು. ಮರುವರ್ಷವೇ ಕಾಂಪ್ಯಾಕ್ ತನ್ನದೇ ಬಯೋಸ್ ಬರೆದು ಪೈಪೋಟಿಗೆ ನಿಂತಿತು. ಐಬಿಎಂ ಹಿಡಿತ ತಪ್ಪಿತು, ಆದರೆ ಪಿಸಿ ಜಗತ್ತೆಲ್ಲ ಹಬ್ಬಿತು.

ಸಿಂಪ್ಯೂಟರ್ ಗೆಲ್ಲಲಿಲ್ಲ, ಅದನ್ನೂ ಹೇಳಬೇಕು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂದರೂ ಅಗ್ಗದ ಮೊಬೈಲ್‌ಗಳ ಮುಂದೆ ನಿಲ್ಲಲಿಲ್ಲ. ದಾಖಲೆ ತೆರೆದಿಟ್ಟರೆ ವ್ಯಾಪಾರ ತಾನಾಗೇ ಆಗಲ್ಲ. ಆದರೆ ಅದರ ಜೊತೆ ಹುಟ್ಟಿದ, ಕನ್ನಡವನ್ನೂ ಓದಿ ಹೇಳುವ 'ಧ್ವನಿ' ತಂತ್ರಾಂಶ ಮುಕ್ತವಾಗಿತ್ತು. ಹಾಗಾಗಿ ಸಾಧನ ಹೋದ ಮೇಲೂ ಬೇರೆಯವರು ಅದನ್ನು ಮುಂದುವರಿಸಿದರು.

ನನ್ನ ಅಭಿಪ್ರಾಯ ಇಷ್ಟೇ. ಚಿಪ್ ಹೇಗೆ ತಯಾರಿಸೋದು ಅನ್ನೋದು ಕಂಪನಿಯ ಗುಟ್ಟಾಗಿರಲಿ. ಆದರೆ ಅದರ ಜೊತೆ ಪ್ರೋಗ್ರಾಂ ಹೇಗೆ ಮಾತಾಡಬೇಕು ಅನ್ನೋದನ್ನಾದರೂ ಪ್ರಕಟಿಸಲೇಬೇಕು. ಅಪ್‌ಡೇಟ್ ನಿಂತುಹೋದ ನಿಮ್ಮ ಹಳೇ ಫೋನ್ ಡ್ರಾಯರ್‌ನಲ್ಲಿದೆಯಾ? ಅದರ ಹಾರ್ಡ್‌ವೇರ್ ವಿವರ ಸಿಕ್ಕಿದ್ದರೆ, ಯಾರೋ ಒಬ್ಬ ಪ್ರೋಗ್ರಾಮರ್ ಅದಕ್ಕೆ ಹೊಸ ಜೀವ ಕೊಡಬಹುದಿತ್ತು. ಮಾಚೇನಹಳ್ಳಿಯ ಆ ಲೇತ್‌ಗೂ ಅಷ್ಟೇ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.