ಕೋಲು ಕಸಿದ ಕೈಗೆ ಏನು ಕೊಟ್ಟೆವು?

ಆಳಂದ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ನಾನು ಮೂರನೇ ತರಗತಿ ಓದುವಾಗ ನನ್ನ ಪಕ್ಕ ಒಬ್ಬ ಹುಡುಗ ಕೂಡುತ್ತಿದ್ದ. ಕೂಡುತ್ತಿದ್ದ ಅನ್ನುವುದೇ ತಪ್ಪು, ಅವನು ಕೂತಿದ್ದು ಕಡಿಮೆ. ಬಾಯಿಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಹೇಳುವವ, ಅದೇ ಲೆಕ್ಕ ಪಾಟಿಯ ಮೇಲೆ ಬರೆ ಎಂದರೆ ಎರಡು ಸಾಲಿಗೆ ಎದ್ದು ಕಿಟಕಿಗೆ ಹೋಗುತ್ತಿದ್ದ. ದಿನಾ ಏಟು ಬೀಳುತ್ತಿದ್ದವು. ಮನೆಯಲ್ಲಿ ‘ಉಡಾಳ’, ಓಣಿಯಲ್ಲಿ ‘ಖೋಡಿ’. ಐದನೇ ತರಗತಿಯ ನಡುವೆ ಶಾಲೆ ಬಿಟ್ಟು ಅವ್ವ-ಅಪ್ಪನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ. ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇತ್ತು ಎಂದು ನಾನು ಇವತ್ತು ಹೇಳಲಾರೆ. ಅವನನ್ನು ಯಾರೂ ಪರೀಕ್ಷಿಸಲೇ ಇಲ್ಲ. ಅವನಿಗೆ ಸಿಕ್ಕ ಚಿಕಿತ್ಸೆ ಒಂದೇ, ಕೋಲು.

ಈಚೆಗೆ ಸುದ್ದಿಯ ಕೆಲಸಕ್ಕೆ ಜೇವರ್ಗಿ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಅಂಥದೇ ಒಬ್ಬ ಹುಡುಗನನ್ನು ತೋರಿಸಿ ಮಾಸ್ತರರು ಹೇಳಿದರು: ‘ಹೊಡೀಬ್ಯಾಡ್ರಿ ಅಂತಾರ, ಹೊಡಿಯಂಗಿಲ್ಲರಿ. ಆದ್ರ ಮತ್ತೇನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ.’

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕೋಲು ಕಸಿದದ್ದು ಸರಿ. ಆ ಕೈಗೆ ಬದಲಿಗೆ ಏನು ಕೊಡಬೇಕಿತ್ತು? ಅದಕ್ಕೆ ಉತ್ತರ ಜಗತ್ತಿಗೆ ಅರವತ್ತು ವರ್ಷಗಳಿಂದ ಗೊತ್ತಿದೆ. ಅದು ಹೇಗೆ ಹುಟ್ಟಿತು, ನಮ್ಮ ಮೂರು ತಾಲ್ಲೂಕುಗಳ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದೇ ಈ ಬರಹ.

ಹಳೆಯ ಹುಡುಗ, ಹೊಸ ಹೆಸರು

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ರೋಗ ಎನ್ನುವವರಿದ್ದಾರೆ. ಅಲ್ಲ. 1798ರಲ್ಲೇ ಅಲೆಕ್ಸಾಂಡರ್ ಕ್ರಿಕ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಯಾವುದರ ಮೇಲೂ ಮನಸ್ಸು ನಿಲ್ಲಿಸಲಾಗದ ಸ್ಥಿತಿಯ ಬಗ್ಗೆ ಬರೆದಿದ್ದ. 1840ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಕ್ ಹಾಫ್‌ಮನ್ ಮಕ್ಕಳಿಗಾಗಿ ಬರೆದ ಚಿತ್ರಕಥೆಗಳಲ್ಲಿ ಫಿಲಿಪ್ ಎಂಬ ಹುಡುಗ ಬರುತ್ತಾನೆ. ಊಟಕ್ಕೆ ಕೂತಲ್ಲಿ ಕೂಡದೆ ಕುರ್ಚಿ ಅಲ್ಲಾಡಿಸಿ, ಮೇಜಿನ ಬಟ್ಟೆಯ ಸಮೇತ ಕೆಳಗೆ ಬೀಳುತ್ತಾನೆ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಮೂರು ಉಪನ್ಯಾಸ ಕೊಟ್ಟ. ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳಿದ್ದಾರೆ, ಇದು ಬೆಳೆಸಿದ್ದರ ತಪ್ಪೆಂದಷ್ಟೇ ಹೇಳಲು ಬರುವುದಿಲ್ಲ ಎಂಬುದು ಅವನ ಮಾತಿನ ತಿರುಳು. ಆದರೂ ಅವನು ಅದನ್ನು ನೈತಿಕ ಹತೋಟಿಯ ದೋಷವೆಂದೇ ಕರೆದ. ಆಗ ನಮ್ಮ ಗುಲಬರ್ಗಾ ನಿಜಾಮರ ಆಳ್ವಿಕೆಯಲ್ಲಿತ್ತು. ಹಳೆಯ ಕಾಲದ ಕನ್ನಡ ಶಾಲೆಗಳಲ್ಲಿ ತುಂಟ ಹುಡುಗನನ್ನು ಕೈಕಟ್ಟಿ ತೊಲೆಗೆ ತೂಗುಹಾಕುವ ‘ಕೋದಂಡ’ ಶಿಕ್ಷೆ ಇತ್ತೆಂದು ಅಜ್ಜಂದಿರು ಹೇಳುವುದನ್ನು ಕೇಳಿದವರು ಇನ್ನೂ ಇದ್ದಾರೆ. ಲಂಡನ್ನಿನಲ್ಲಾಗಲಿ ಇಲ್ಲಾಗಲಿ, ಕೆಡುಕು ಹುಡುಗನ ಒಳಗಿದೆ ಎಂದೇ ನಂಬಿಕೆ.

1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ, ಉತ್ತೇಜಕ ಔಷಧ ಕೊಟ್ಟಾಗ ಕೆಲವು ಮಕ್ಕಳು ಶಾಂತರಾಗಿ ಓದಿಗೆ ಕೂತದ್ದನ್ನು ವರದಿ ಮಾಡಿದ. ಅಲ್ಲಿಂದ ಗುಳಿಗೆಯ ದಾರಿ ತೆರೆಯಿತು. ಹೆಸರು ಮಾತ್ರ ಬದಲಾಗುತ್ತಲೇ ಹೋಯಿತು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ 1968ರಲ್ಲಿ ‘ಬಾಲ್ಯದ ಅತಿಚಟುವಟಿಕೆ’ ಎಂದಿತ್ತು. 1980ರಲ್ಲಿ ‘ಗಮನ ಕೊರತೆ’ ಮುಂದೆ ಬಂತು. 1987ರಲ್ಲಿ ಎರಡೂ ಕೂಡಿ ಎಡಿಎಚ್‌ಡಿ ಆಯಿತು.

ಮೇಜಿನ ಮೇಲಿನ ದೀಪ

ಕೋಲಿಗೆ ಬದಲಿ ಹುಟ್ಟಿದ್ದು ಗುಳಿಗೆಯ ದಾರಿಯಲ್ಲಲ್ಲ, ತರಗತಿಯಲ್ಲಿ. 1965ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್‌ಸನ್ ಒಂದು ಪ್ರಯೋಗ ಪ್ರಕಟಿಸಿದರು. ಒಂಬತ್ತು ವರ್ಷದ ಚಂಚಲ ಹುಡುಗನ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟರು. ಅವನು ಸ್ವಲ್ಪ ಹೊತ್ತು ಪಾಠದ ಮೇಲೆ ಲಕ್ಷ್ಯ ಇಟ್ಟರೆ ದೀಪ ಮಿನುಗುತ್ತಿತ್ತು. ದೀಪ ಮಿನುಗಿದರೆ ಒಂದು ಮಿಠಾಯಿ ಅಥವಾ ಒಂದು ಬಿಡಿಕಾಸು. ಗಳಿಸಿದ್ದೆಲ್ಲ ಅವನೊಬ್ಬನಿಗಲ್ಲ, ಇಡೀ ತರಗತಿಗೆ ಹಂಚಿಕೆ. ಅಲ್ಲಿಯವರೆಗೆ ಅವನ ಚೇಷ್ಟೆಗೆ ನಗುತ್ತಿದ್ದ ಮಕ್ಕಳು ಈಗ ಅವನು ಕೂತರೆ ಖುಷಿಪಟ್ಟರು. ಅವನ ಚಡಪಡಿಕೆ ಕಡಿಮೆಯಾಯಿತು.

ಇಲ್ಲಿ ಬದಲಾದದ್ದು ಹುಡುಗನ ಸುತ್ತಲಿನ ಜನ. ತಪ್ಪು ಮಾಡಿದಾಗಷ್ಟೇ ಅವನ ಕಡೆ ನೋಡುತ್ತಿದ್ದವರು, ಸರಿ ಮಾಡಿದ ಕ್ಷಣದಲ್ಲೂ ನೋಡಲು ಕಲಿತರು. ವರ್ತನಾ ಚಿಕಿತ್ಸೆಯ ಬೇರು ಇದು. 1976ರಲ್ಲಿ ನ್ಯೂಯಾರ್ಕ್ ರಾಜ್ಯದ ಡೇನಿಯಲ್ ಓಲಿಯರಿ ಮತ್ತು ಸಂಗಡಿಗರು ಇದನ್ನು ಮನೆಗೂ ಜೋಡಿಸಿದರು. ಶಿಕ್ಷಕರು ದಿನಕ್ಕೆ ಎರಡು-ಮೂರು ಸಣ್ಣ ಗುರಿ ಬರೆದ ಚೀಟಿ ಕಳಿಸುವುದು, ಮನೆಯವರು ಅದನ್ನು ನೋಡಿ ಅದೇ ಸಂಜೆ ಬಹುಮಾನ ಕೊಡುವುದು. ಆಮೇಲಿನ ದಶಕಗಳಲ್ಲಿ ತಂದೆ-ತಾಯಿಗೆ ತರಬೇತಿ ಕೊಡುವುದೇ ಈ ಚಿಕಿತ್ಸೆಯ ಮುಖ್ಯ ಭಾಗವಾಯಿತು. ಚಿಕಿತ್ಸಕರ ಎದುರು ಕೂಡುವುದು ಹೆಚ್ಚಾಗಿ ಮಗುವಲ್ಲ, ಅವ್ವ-ಅಪ್ಪ.

ಇದು ಎಲ್ಲವನ್ನೂ ವಾಸಿ ಮಾಡುತ್ತದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1999ರಲ್ಲಿ ಬಂತು. ಚಡಪಡಿಕೆ, ಗಮನ ಕೊರತೆ ತಗ್ಗಿಸುವುದರಲ್ಲಿ, ಎಚ್ಚರಿಕೆಯಿಂದ ಕೊಟ್ಟ ಔಷಧ ವರ್ತನಾ ಚಿಕಿತ್ಸೆಯೊಂದಕ್ಕಿಂತ ಮುಂದಿತ್ತು. ಎರಡನ್ನೂ ಕೂಡಿಸಿದಲ್ಲಿ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಮೂರು ವರ್ಷ ಕಳೆದ ಮೇಲೆ ನೋಡಿದಾಗ ಗುಂಪುಗಳ ನಡುವಿನ ಅಂತರ ಉಳಿದಿರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ, ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ವರ್ತನಾ ಚಿಕಿತ್ಸೆ ಎಂದು ಹೇಳಿತು. ದೊಡ್ಡ ಮಕ್ಕಳಿಗೆ ಔಷಧ ಬೇಕೋ ಬೇಡವೋ ಎಂಬುದು ವೈದ್ಯರು ನೋಡಿ ಹೇಳಬೇಕಾದ ಮಾತು. ಔಷಧ ನುಂಗಿದ ಹುಡುಗನಿಗೂ ಮನೆಯಲ್ಲಿ, ಶಾಲೆಯಲ್ಲಿ ಅರ್ಥ ಮಾಡಿಕೊಳ್ಳುವವರು ಬೇಕೇ ಬೇಕು.

ಬೆಂಗಳೂರು, ಬಳ್ಳಾರಿ, ನಾವು

ನಮ್ಮ ದೇಶದಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರ ಮೊದಲು ತೆರೆದದ್ದು 1937ರಲ್ಲಿ, ಮುಂಬೈಯ ಟಾಟಾ ಸಮಾಜಕಾರ್ಯ ಶಾಲೆಯ ಆಶ್ರಯದಲ್ಲಿ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿನ ಮನೋವಿಜ್ಞಾನಿ ಮಾಳವಿಕಾ ಕಪೂರ್ ಮಕ್ಕಳ ಮನಸ್ಸಿನ ತೊಂದರೆಗಳನ್ನು ಆಸ್ಪತ್ರೆಯ ಹೊರಗೆ, ಶಾಲೆಯ ಒಳಗೆ ನೋಡಬೇಕೆಂದು ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ಮಾಡಿದರು. ಮುಂದೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳವರೆಗೂ ಹೋದರು.

1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರುವುದು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಂದಿನ ಕಲ್ಯಾಣ ಕರ್ನಾಟಕದ ಜಿಲ್ಲೆಯೊಂದು ದೇಶಕ್ಕೆ ದಾರಿ ತೋರಿಸಿದ್ದು ನಮಗೆ ಹೆಮ್ಮೆಯ ಸಂಗತಿ. ಆದರೆ ಬಳ್ಳಾರಿಯ ಗಮನ ಮುಖ್ಯವಾಗಿ ತೀವ್ರ ಮನೋರೋಗ, ಮೂರ್ಛೆರೋಗಗಳ ಕಡೆ ಇತ್ತು. ಅಲ್ಲಿ ಕಲಿಸಿದ್ದು ವೈದ್ಯರಿಗೆ, ದಾದಿಯರಿಗೆ. ಎಡಿಎಚ್‌ಡಿ ಮಗುವಿನ ಜೊತೆ ದಿನವೆಲ್ಲ ಕಳೆಯುವವರು ಮಾಸ್ತರರು, ಮನೆಯವರು. ದಾರಿ ನಿಂತದ್ದು ಇಲ್ಲಿ.

ಸಮಸ್ಯೆ ಸಣ್ಣದಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದ 2,064 ಮಕ್ಕಳ ನಡುವೆ ನಿಮ್ಹಾನ್ಸ್ ತಜ್ಞರು ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 16 ವರ್ಷದವರೆಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಒಂದಲ್ಲ ಒಂದು ಮನೋಸಂಬಂಧಿ ತೊಂದರೆ ಕಂಡಿತ್ತು. ಎಡಿಎಚ್‌ಡಿ ಅದರಲ್ಲಿ ಒಂದು ಭಾಗ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರು ಇದೆ. ಅದರ ಸಂಚಾರಿ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬಂದು ನೋಡಬೇಕು, ಸಂಶಯ ಬಂದ ಮಗುವನ್ನು ಮುಂದಕ್ಕೆ ಕಳಿಸಬೇಕು ಎಂಬುದು ನಿಯಮ. ಆದರೆ 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ.

ನಮ್ಮ ಮನೆಗಳಲ್ಲಿ ಇದು ಹೇಗೆ?

ನಮ್ಮ ಕಡೆ ಇಂಥ ಮಗುವನ್ನು ಮೊದಲು ಕರೆದೊಯ್ಯುವುದು ಆಸ್ಪತ್ರೆಗಲ್ಲ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ, ಇಲ್ಲವೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ. ಭೀಮಾ-ಅಮರ್ಜಾ ಸಂಗಮದಲ್ಲಿ ಮೀಯಿಸಿ, ದಾರ ಕಟ್ಟಿಸಿ ತರುತ್ತಾರೆ. ಅದನ್ನು ಬೈಯುವುದು ನನ್ನ ಉದ್ದೇಶವಲ್ಲ. ಅಲ್ಲಿ ಯಾರೂ ಮಗುವನ್ನು ‘ಹಾಳಾದವ’ ಎನ್ನುವುದಿಲ್ಲ ಎಂಬ ಸಮಾಧಾನ ಆ ತಾಯಿಗೆ ಸಿಗುತ್ತದೆ. ದಾರ ಕಟ್ಟಿಸಿದ ಮೇಲೆ ಆಸ್ಪತ್ರೆಗೂ ಒಮ್ಮೆ ಹೋಗಿರಿ ಎಂದಷ್ಟೇ ಕೇಳುತ್ತೇನೆ.

ಪುಸ್ತಕದ ಚಿಕಿತ್ಸೆಗೆ ಇಲ್ಲಿ ಇನ್ನೊಂದು ತೊಡಕು. ಸಂಜೆ ಚೀಟಿ ನೋಡಲು ಅವ್ವ-ಅಪ್ಪ ಮನೆಯಲ್ಲಿರಬೇಕು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬೈ, ಬೆಂಗಳೂರಿಗೆ ಹೋದ ಮನೆಗಳಲ್ಲಿ ಮಗುವಿನ ಜೊತೆ ಇರುವವಳು ಅಜ್ಜಿ. ಹಾಗಾದರೆ ತರಬೇತಿ ಅಜ್ಜಿಗೆ ಸಿಗಬೇಕು. ಓದು ಬಾರದ ಅಜ್ಜಿಗೆ ಚೀಟಿಯ ಬದಲು ಹುಣಸೆ ಬೀಜ ಆಗುತ್ತದೆ. ಮಾಸ್ತರರು ಕೊಟ್ಟ ಬೀಜ ಎಣಿಸಿ, ಮೂರಾದರೆ ಅವತ್ತು ರಾತ್ರಿ ಒಂದು ಕಥೆ ಅಥವಾ ಒಂದು ಉಂಡಿ.

ಎಲ್ಲ ತುಂಟ ಮಕ್ಕಳಿಗೂ ಈ ಹೆಸರು ಹಚ್ಚಬೇಡಿ. ತೊಂದರೆ ಹನ್ನೆರಡು ವರ್ಷದೊಳಗೆ ಕಾಣಿಸಿರಬೇಕು, ಆರು ತಿಂಗಳಾದರೂ ಉಳಿದಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಇರಬೇಕು. ಕಿವಿ ಕೇಳದ, ಕಣ್ಣು ಕಾಣದ, ನಿದ್ದೆಯಿಲ್ಲದ, ಹಸಿದ ಮಗುವೂ ಪಾಠದ ಮೇಲೆ ಲಕ್ಷ್ಯ ಇಡುವುದಿಲ್ಲ. ಕೆಲವು ಮಕ್ಕಳು, ಹೆಚ್ಚಾಗಿ ಹುಡುಗಿಯರು, ಗದ್ದಲ ಮಾಡದೆ ಸುಮ್ಮನೆ ಕೂತೇ ಎಲ್ಲೋ ಕಳೆದುಹೋಗಿರುತ್ತಾರೆ. ಅವರನ್ನು ಯಾರೂ ಗುರುತಿಸುವುದೇ ಇಲ್ಲ. ಗುರುತು ಹಚ್ಚುವುದು ವೈದ್ಯರ ಕೆಲಸ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಜೇವರ್ಗಿಯ ಆ ಮಾಸ್ತರರಿಗೆ ನಾನು ಒಂದು ಹಾಳೆ ಬರೆದುಕೊಟ್ಟು ಬಂದೆ. ಹುಡುಗನನ್ನು ಮುಂದೆ, ಕಿಟಕಿಯಿಂದ ದೂರ ಕೂಡಿಸಿರಿ. ಒಂದು ಸಲಕ್ಕೆ ಒಂದೇ ಮಾತು ಹೇಳಿರಿ. ಹತ್ತು ಲೆಕ್ಕದ ಬದಲು ಎರಡು, ಮುಗಿದ ಕೂಡಲೇ ಶಾಬಾಸ್. ಎದ್ದು ಓಡಾಡುವ ಕೆಲಸ ನೀವೇ ಕೊಡಿರಿ: ಹಾಜರಿ ಪುಸ್ತಕ ತರುವುದು, ಬಿಸಿಯೂಟದ ಹೊತ್ತಿಗೆ ಬಾಳೆಹಣ್ಣು ಹಂಚುವುದು. ಸಣ್ಣಪುಟ್ಟ ಚಡಪಡಿಕೆ ಕಂಡೂ ಕಾಣದಂತೆ ಇರಿ. ದಿನಕ್ಕೆ ಮೂರೇ ಗುರಿ ಇಡಿರಿ. ಗಳಿಸಿದ ಬೀಜ ವಾಪಸ್ ಕಸಿಯಬೇಡಿ.

ಅರವತ್ತು ಮಕ್ಕಳಿರುವ ಕೋಣೆಯಲ್ಲಿ ಒಬ್ಬನಿಗೆ ಇಷ್ಟೆಲ್ಲ ಹ್ಯಾಂಗ್ರಿ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಒಂದು ಹಾಳೆ ಸಾಲುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದದ್ದು ಶಿಕ್ಷಕರ ತರಬೇತಿ ಮಾಡುವವರು, ಖಾಲಿ ಹುದ್ದೆ ತುಂಬುವವರು. ಆದರೂ ನಾಳೆಯಿಂದ ಒಂದು ವಾರ ನೋಡ್ತೀನಿ ಎಂದರು. ನಿಮ್ಮಲ್ಲಿ ಯಾರಾದರೂ ಶಿಕ್ಷಕರಿದ್ದರೆ ನೀವೂ ನೋಡಿ, ಏನಾಯಿತೆಂದು ನಮಗೆ ಬರೆಯಿರಿ. ನನ್ನ ಪಕ್ಕ ಕೂಡುತ್ತಿದ್ದ ಆ ಹುಡುಗನಿಗೆ ಅಂಥ ಒಂದು ವಾರವೂ ಸಿಕ್ಕಿರಲಿಲ್ಲ.