ಭೀಮೆಯ ಬರ, ಬರದ ಬೊಕ್ಕಸ

ಪುಣೆಯ ಸಂಗಮದಲ್ಲಿ ಕೂಡಿದ ಮುಳಾ-ಮುಠಾ ನದಿಗಳು ಭೀಮೆಯನ್ನು ಸೇರುವವು. ಭೀಮೆಯು ಪಂಢರಪುರವನ್ನು ದಾಟಿ, ಇಂಡಿ-ಅಫಜಲಪುರಗಳ ಸೀಮೆಯಲ್ಲಿ ಹರಿದು, ರಾಯಚೂರ ಕಡೆ ಕೃಷ್ಣೆಯ ಪಾಲಾಗುವದು. ಹೊಟ್ಟೆಪಾಡಿಗಾಗಿ ನಾವು ಬಂದ ದಾರಿಯಲ್ಲೇ ನಮ್ಮ ಎದುರಿಗೆ ನಡೆಯುವ ನದಿಯಿದು. ನೀರಿನ ದಾರಿ ಒಂದಾದರೂ ಬರದ ಲೆಕ್ಕ ಮಾತ್ರ ಒಂದಾಗಿಲ್ಲ.

೧೮೭೬ರಲ್ಲಿ ಮಳೆ ಕೈಕೊಟ್ಟಾಗ ಪುಣೆ, ಸೊಲ್ಲಾಪುರ ಮತ್ತು ಕಲಾದಗಿ, ಎಂದರೆ ಇಂದಿನ ವಿಜಯಪುರ-ಬಾಗಲಕೋಟೆಗಳು, ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಸರಕಾರದ ಬರಗಾಲದ ಕಾಮಗಾರಿಗಳ ಕೂಲಿಯೇ ಬಡವರಿಗೆ ಆಧಾರವಾಗಿತ್ತು. ಖರ್ಚು ಉಳಿಸಹೊರಟ ರಿಚರ್ಡ ಟೆಂಪಲ್ ಸಾಹೇಬರ ಸಲಹೆಯಂತೆ ೧೮೭೭ರ ಆರಂಭದಲ್ಲಿ ಆ ಕೂಲಿಯು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಚಿಲ್ಲರೆ ಕಾಸಿಗೆ ಇಳಿಯಿತು. ಹಗಲೆಲ್ಲ ಕಲ್ಲು ಒಡೆಯುವವನಿಗೆ ಒಂದು ಪೌಂಡು! ಸಾವಿರಾರು ಕೂಲಿಗಾರರು ಹಸಿದ ಹೊಟ್ಟೆಯಲ್ಲಿಯೇ ಕೆಲಸ ಬಿಟ್ಟು ಹೊರಬಿದ್ದರು. ಆಗ ಅವರ ಬೆನ್ನಿಗೆ ನಿಂತದ್ದು ಇದೇ ಪುಣೆಯ ಸಾರ್ವಜನಿಕ ಸಭೆ. ೧೮೭೦ರಲ್ಲಿ ಸ್ಥಾಪಿತವಾದ, ಮಹಾದೇವ ಗೋವಿಂದ ರಾನಡೆಯವರ ಬೆಂಬಲವಿದ್ದ ಈ ಸಭೆಯು ಜಿಲ್ಲೆಗಳಿಂದ ವರದಿಗಳನ್ನು ತರಿಸಿ ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆಯಿತು.

ಲಕ್ಷಾಂತರ ಜನ ಸತ್ತ ಮೇಲೆ, ೧೮೭೮ರಲ್ಲಿ, ಸರಕಾರಕ್ಕೆ ‘ಬರದ ವಿಮೆ’ಯ ಯೋಚನೆ ಹೊಳೆಯಿತು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಬದಿಗಿಡುವದೆಂದು ಹೇಳಿ ಹೊಸ ತೆರಿಗೆ ಹಾಕಿದರು. ಆಫ್ಘನ್ ಯುದ್ಧ ಬಂದೊಡನೆ ತೆರಿಗೆ ಉಳಿಯಿತು, ವಿಮೆಗೆ ಕತ್ತರಿ ಬಿತ್ತು. ಬ್ಯಾಂಕಿನ ಖಾತೆವಹಿಗಳೊಡನೆ ದಿನ ಕಳೆಯುವ ನಮ್ಮಂಥವರಿಗೆ ಇಂಥ ಜಮಾ-ಖರ್ಚು ಬಲು ಚೋದ್ಯವೆನಿಸುವದು. ೧೮೮೪ರಲ್ಲಿ ತೆರೆದ ಹೊಟಗಿ-ಗದಗ ರೇಲ್ವೆಯು ಬರದ ಸೀಮೆಗೆ ಧಾನ್ಯ ಮುಟ್ಟಿಸುವ ಉದ್ದೇಶದಿಂದಲೇ ಹಾಕಿದ್ದು. ಅದರಲ್ಲಿ ಕುಳಿತು ವಿಜಯಪುರಕ್ಕೆ ಹೋಗುವಾಗ ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ನೆನಪಾದೀತು?

೧೯೫೬ರಲ್ಲಿ ಇಲಾಖೆ ಒಡೆಯಿತು. ಕನ್ನಡಿಗರಿಗೆ ತಮ್ಮ ರಾಜ್ಯ ಬಂದಿತು, ಜೊತೆಗೆ ಭೀಮೆಗೆ ಗಡಿಯೂ ಬಂದಿತು. ೧೯೭೨ರ ಬರದಲ್ಲಿ ಮಹಾರಾಷ್ಟ್ರವು ಉದ್ಯೋಗ ಖಾತ್ರಿ ಯೋಜನೆಯನ್ನು ಹೂಡಿ, ಅದರ ಹಣಕ್ಕಾಗಿ ೧೯೭೫ರಲ್ಲಿ ವೃತ್ತಿತೆರಿಗೆಯನ್ನು ತಂದಿತು. ಇಂದಿಗೂ ನಮ್ಮ ಪಗಾರದಲ್ಲಿ ತಿಂಗಳಿಗೆ ೨೦೦ ರೂಪಾಯಿ ಮುರಿಯುವ ತೆರಿಗೆಯ ಮೂಲ ಇದೇ. ಸೊಲ್ಲಾಪುರದ ಕೂಲಿಗೆ ಪುಣೆಯ ಕಾರಕೂನನ ಪಾಲು ಸಂದದ್ದು ಯೋಗ್ಯವೇ ಸರಿ. ಆದರೆ ಆ ಹಣವು ನದಿಯೊಡನೆ ಗಡಿ ದಾಟಿ ಇಂಡಿಗೆ ಹೋಗಲಾರದು.

ನೀರಿನ ಪಾಲೂ ಹೀಗೆಯೇ ಆಯಿತು. ನ್ಯಾಯಮೂರ್ತಿ ಬಚಾವತರ ನ್ಯಾಯಮಂಡಳಿಯು ೧೯೭೩ರ ತೀರ್ಪಿನಲ್ಲಿ ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಕ್ಕೆ ೮೦೦ ಟಿ.ಎಂ.ಸಿ. ಎಂದು ಹಂಚಿತು. ಕೊರತೆಯ ವರ್ಷದಲ್ಲಿ ಯಾರು ಎಷ್ಟು ಬಿಟ್ಟುಕೊಡಬೇಕೆಂಬುದನ್ನು ‘ಬಿ’ ಯೋಜನೆಯಲ್ಲಿ ಬರೆದಿದ್ದರು. ಅದನ್ನು ನಡೆಸಲು ಕೃಷ್ಣಾ ಕಣಿವೆ ಪ್ರಾಧಿಕಾರ ಬೇಕಿತ್ತು. ರಾಜ್ಯಗಳು ಒಮ್ಮತಕ್ಕೆ ಬರಲಿಲ್ಲ, ‘ಎ’ ಯೋಜನೆಯಷ್ಟೇ ಜಾರಿಯಾಯಿತು. ಲಾಭದ ಪಾಲನ್ನು ಬರೆದು ನಷ್ಟದ ಪಾಲನ್ನು ಖಾಲಿ ಬಿಟ್ಟ ಪಾಲುಗಾರಿಕೆ ಪತ್ರವನ್ನು ಯಾವ ಬ್ಯಾಂಕು ಒಪ್ಪೀತು?

೨೦೨೩ರ ಮೇ ತಿಂಗಳಲ್ಲಿ ಭೀಮೆಯ ಪಾತ್ರ ಬತ್ತಿದಾಗ ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಜನಿ ಜಲಾಶಯದಿಂದ ೩ ಟಿ.ಎಂ.ಸಿ. ನೀರನ್ನು ಕುಡಿಯಲಿಕ್ಕೆಂದು ಕೇಳಬೇಕಾಯಿತು.